ಇಂಗ್ಲೆಂಡಿನಿಂದ ಬಂದ ಬಾಗಿಲು

ದೆವ್ವದ ಮಾತು ಶುರುವಾದರೆ ಕಾಫಿ ಮಾಡುವ ನೆಪದಲ್ಲಿ ಎದ್ದುಹೋಗುತ್ತಿದ್ದವಳು ನಾನು. ಈಗ ನಂಬುತ್ತೇನೆ ಅಂತಲ್ಲ. ಎದ್ದುಹೋಗುವುದನ್ನು ಬಿಟ್ಟಿದ್ದೇನೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಕೆನಡಾದ ರೆಕ್ಸ್‌ಡೇಲಿನ ಒಂದು ಬೇಸ್‌ಮೆಂಟಿನಲ್ಲಿ ಇದ್ದೆವು. ನಮ್ಮ ಯಜಮಾನರಿಗೆ ಹತ್ತಿರದ ಬೋಲ್ಟನ್ ಊರಿನ ವೇರ್‌ಹೌಸಿನಲ್ಲಿ ಕೆಲಸ. ನಾನು ಅಲ್ಲಿಂದ ಸ್ವಲ್ಪ ಆಚೆ, ಹೊಲಗಳ ನಡುವಿನ ಹಳೇ ಮನೆಯಲ್ಲಿ ಮಿಸ್ ಹ್ಯಾರಿಯೆಟ್ ಎಂಬ ಇಂಗ್ಲಿಷ್ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೆ. ಅಜ್ಜಿ ವೀಲ್‌ಚೇರು ಬಿಟ್ಟು ಏಳುವಂತಿರಲಿಲ್ಲ. ಮಾತಿಗೆ ಮಾತ್ರ ದಣಿವೇ ಇರಲಿಲ್ಲ.

ಮಾತೆಲ್ಲ ತಮ್ಮ ಮನೆತನದ್ದೇ. ತಲೆತಲಾಂತರದಿಂದ ಲಾರ್ಡುಗಳಂತೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ದೊಡ್ಡ ಬಂಗಲೆ, ಜಿಂಕೆಗಳ ವನ, ಕೆರೆ. ಸುತ್ತಲಿನ ರೈತರೆಲ್ಲ ಇವರ ಒಕ್ಕಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ತೆರಿಗೆ ಕಟ್ಟಲಾರದೆ ಅಜ್ಜಿಯ ಅಪ್ಪ ಎಲ್ಲವನ್ನೂ ಮಾರಲು ಹೊರಟರು. ಅಣ್ಣ ಎಡ್ಮಂಡ್ ಜಗಳವಾಡಿ, ಒಂದು ಸಂಜೆ ತೋಟದ ಬಾಗಿಲಿನಿಂದ ಹೊರಗೆ ಹೋದವನು ವಾಪಸು ಬರಲಿಲ್ಲ. ಕೊಂಡವರು ಬಂಗಲೆ ಕೆಡವಿದರು. ಅಪ್ಪ ಕೆನಡಾಕ್ಕೆ ಬಂದು, ಆ ಒಂದು ಬಾಗಿಲನ್ನು ಹಡಗಿನಲ್ಲಿ ತರಿಸಿ ಇಲ್ಲಿನ ಮನೆಯ ಹಿಂಭಾಗಕ್ಕೆ ಕೂರಿಸಿದರು. ಮನೆಯವರೆಲ್ಲ ಒಳಗೆ ಬರುವ ತನಕ ಅದಕ್ಕೆ ಅಗುಳಿ ಹಾಕಬಾರದು ಎಂಬುದು ಆ ಮನೆತನದ ಪದ್ಧತಿ.

ತೊಂದರೆ ಇದ್ದದ್ದೇ ಅಲ್ಲಿ. ಆ ಥಂಡಿ ಮನೆಯಲ್ಲಿ ಇನ್ನೊಂದು ಚಳಿಗಾಲ ಕಳೆದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಬಾ ಎಂದು ಸೋದರಳಿಯ ಗೋಗರೆಯುತ್ತಿದ್ದ. ಎಡ್ಮಂಡ್ ಬರದೆ ತಾನು ಕದಲುವುದಿಲ್ಲ ಎಂದು ಅಜ್ಜಿಯ ಹಟ. ನನಗೋ ಸಿಟ್ಟು, ಮರುಕ ಎರಡೂ.

ಜನವರಿಯ ಒಂದು ಸಂಜೆ, ಆಗಲೇ ಕತ್ತಲಾಗಿತ್ತು. ನಾನು ಸೂಪು ಬಿಸಿ ಮಾಡುತ್ತಿದ್ದೆ. ತೋಟದ ಬಾಗಿಲನ್ನು ಯಾರೋ ತಟ್ಟಿದರು. ಹಿತ್ತಲಲ್ಲಿ ಮೊಣಕಾಲುದ್ದ ಹಿಮ, ಆ ಕಡೆಯಿಂದ ಯಾರೂ ಬರುವ ಹಾಗಿಲ್ಲ. ಅಗುಳಿಯೂ ಹಾಕಿರಲಿಲ್ಲ, ಬೇಕಾದವರು ತಳ್ಳಿಕೊಂಡೇ ಬರಬಹುದಿತ್ತು. ಮತ್ತೆ ತಟ್ಟಿದರು.

ನಾನು ಕೆನಡಾಕ್ಕೆ ಬರುವ ಮುಂಚೆ ಬೆಂಗಳೂರಿನ ನಮ್ಮ ಗಲ್ಲಿಯಲ್ಲಿ ಮನೆಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು. ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದಂತೆ. ಓದು ಬರಹ ಕಲಿತ ದೆವ್ವ ಎಂದು ನಾನು ನಕ್ಕಿದ್ದೆ. ಅಂಥ ನಾನೇ ಅವತ್ತು ಸೌಟು ಹಿಡಿದು ನಿಂತು, ಗಟ್ಟಿಯಾಗಿ, ಕನ್ನಡದಲ್ಲೇ 'ನಾಳೆ ಬಾ' ಅಂದುಬಿಟ್ಟೆ. ಸದ್ದು ನಿಂತಿತು.

ಅದೇನು ಹೇಳಿದೆ ಎಂದು ಅಜ್ಜಿ ಕೇಳಿದರು. ನಗುತ್ತಾ ಅರ್ಥ ಹೇಳಿದೆ. ಅವರು ನಗಲಿಲ್ಲ. ಮಾರನೆಯ ದಿನ ಬೂದುಬಣ್ಣದ ರೇಷ್ಮೆ ಗೌನು ತೆಗೆಸಿ ತೊಟ್ಟರು, ತಲೆ ಬಾಚಿಸಿಕೊಂಡರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಯಜಮಾನರಿಗೆ ಫೋನು ಮಾಡಿದೆ. ಅವರು ಹುಬ್ಬಳ್ಳಿಯವರು.

"ಹಳೇ ಬಾಗಲಾ ಥಂಡಿಗೆ ಸಪ್ಪಳಾ ಮಾಡ್ತಾವ. ಸುಮ್ನ ತಲಿ ಕೆಡಿಸ್ಕೋಬ್ಯಾಡ, ಶಿಫ್ಟ್ ಮುಗಿಸಿ ಬಾ" ಅಂದರು.

ಕತ್ತಲಾಗುತ್ತಿದ್ದಂತೆ ಮತ್ತೆ ಅದೇ ಸದ್ದು. ಬಾಗಿಲ ತನಕ ಹೋದೆ, ಕೈ ಮೇಲೇಳಲಿಲ್ಲ. ಆಗ ನನ್ನ ಭುಜದ ಮೇಲೆ ಒಂದು ಕೈ ಬಿತ್ತು. ಅಜ್ಜಿ ಎದ್ದು ನಿಂತಿದ್ದರು. ನನ್ನನ್ನು ದಾಟಿ ಹೋಗಿ ತಾವೇ ಬಾಗಿಲು ತೆರೆದರು. ಹೊರಗೆ ಯಾರೂ ಇಲ್ಲ, ಹಿಮದ ಮೇಲೆ ಒಂದು ಹೆಜ್ಜೆಗುರುತೂ ಇಲ್ಲ. ಅಜ್ಜಿ ಮಾತ್ರ ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು, "ಎಷ್ಟು ತಡ ಮಾಡಿದೆ ಎಡ್ಮಂಡ್. ಕಾಲು ಒರೆಸಿಕೊ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಗದರಿದರು.

ಬೆಳಗ್ಗೆ ಅವರೇ ಸೋದರಳಿಯನಿಗೆ ಫೋನು ಮಾಡಿ, ಹೋಮಿಗೆ ಬರುತ್ತೇನೆ ಅಂದರು. ಅದೇ ವಾರ ಹೊರಟರು. ಕಾರಿನಲ್ಲಿ ಕೂತ ಮೇಲೆ ನನ್ನನ್ನು ಕರೆದು, "ಇನ್ನು ಅಗುಳಿ ಹಾಕಬಹುದು, ಡಿಯರ್. ಎಲ್ಲರೂ ಒಳಗಿದ್ದಾರೆ" ಅಂದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

ಒಳಗೆ ಹೋಗಿ ತೋಟದ ಬಾಗಿಲಿಗೆ ಅಗುಳಿ ಹಾಕಿದೆ, ಹೊರಬಂದು ಮುಂಬಾಗಿಲಿಗೆ ಬೀಗ ಹಾಕಿದೆ. ಅಜ್ಜಿ ಎದ್ದು ನಡೆದದ್ದಕ್ಕೆ ಡಾಕ್ಟರು ಆಮೇಲೆ ಏನೋ ಕಾರಣ ಹೇಳಿದರು, ಒಪ್ಪಿಕೊಂಡೆ. ಆದರೆ ಆ ದಿನ ನಾನು ಮೆಟ್ಟಿಲಿಳಿಯುವಾಗ ಬೆನ್ನ ಹಿಂದಿನ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟಿದರು. ಅದಕ್ಕೆ ಕಾರಣ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ. ಹೋಗಿ ಕಾರಿನಲ್ಲಿ ಅಜ್ಜಿಯ ಪಕ್ಕ ಕೂತೆ, ಬಾಯಿ ಬಿಡಲಿಲ್ಲ. ಹೇಳಿದ್ದರೆ ಅವರು ಇಳಿದುಬಿಡುತ್ತಿದ್ದರು.