ವಾಪಸ್ ಮಾಮನ ಅಕ್ಕ ಬೆಟ್ಟ ಹತ್ತಿದ್ದು

ಚಳಿಗಾಲ ಬಂತೆಂದರೆ ಬೆಟ್ಟದ ದಾರಿಯ ಅರ್ಧದಲ್ಲಿ, ಬಿಸಿಲು ಮುಗಿದು ನೆರಳು ಶುರುವಾಗುವ ತಿರುವಿನಲ್ಲಿ ಅವನು ನಿಂತಿರುತ್ತಿದ್ದ. ಅಲ್ಲಿಂದ ಮುಂದೆ ವಸಂತ ಬರುವ ತನಕ ದಾರಿಗೆ ಬಿಸಿಲೇ ಬೀಳುವುದಿಲ್ಲ. ಹಗಲು ಮೇಲಿನಿಂದ ಜಿನುಗಿ ಬಂದ ನೀರು ಸಂಜೆಗೆ ಹೆಪ್ಪುಗಟ್ಟಿ, ಬಂಡೆಯದೇ ಬಣ್ಣ ತೊಟ್ಟು ಕೂತಿರುತ್ತದೆ. ಕಾಲಿಟ್ಟ ಮೇಲೇ ಅದು ಮಂಜುಗಡ್ಡೆ ಅಂತ ಗೊತ್ತಾಗುವುದು.

ಅವನ ಕೆಲಸವೆಂದರೆ ಬೆಳಿಗ್ಗೆ ದಾರಿ ನೋಡಿಕೊಂಡು ಬಂದು ಅಲ್ಲಿ ನಿಲ್ಲುವುದು. ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದ. ಬೂಟಿನ ಅಡಿಗೆ ಕಬ್ಬಿಣದ ಮುಳ್ಳುಪಟ್ಟಿ ಬಿಗಿಯದೆ ಬಂದವರಿಗೆ, ಹೊತ್ತು ಮೀರಿ ಬಂದವರಿಗೆ, ಬೆವರಿ ಒದ್ದೆಯಾಗಿ ನಡುಗುತ್ತಿದ್ದವರಿಗೆ ಒಂದೇ ಮಾತು: "ಇವತ್ತು ಬೇಡ, ವಾಪಸ್ ಹೋಗಿ." ತಡೆಯುವ ಅಧಿಕಾರವೇನೂ ಅವನಿಗಿರಲಿಲ್ಲ. ಹೇಳುವ ಅಧಿಕಾರವಷ್ಟೆ. ಹಾಗಾಗಿ ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿತ್ತು. ಕ್ಯಾಮೆರಾ ಹೊತ್ತು ಬಂದ ಹೊಸ ಜೋಡಿಗಳು ಬೈದಿದ್ದರು, ಕಚೇರಿಯಿಂದ ಗುಂಪು ಕಟ್ಟಿಕೊಂಡು ಬಂದವರು ಬೈದಿದ್ದರು. ಯಾವುದನ್ನೂ ಅವನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಹೀಗೆ ಅವನಿಗೆ ವಾಪಸ್ ಮಾಮ ಅಂತ ಹೆಸರು ಬಿತ್ತು. ಕೊನೆಕೊನೆಗೆ ಅವನಿಗೆ ಸಂಬಳ ಕೊಡುವ ಆಫೀಸಿನವರೂ ಹಾಗೇ ಕರೆಯತೊಡಗಿದರು.

ಅದಕ್ಕೂ ಮೊದಲು ಅವನು ಚಾವಣಿ ಹೊದಿಸುವ ಕೆಲಸಗಾರ. ಒಂದು ಬೆಳಿಗ್ಗೆ ಗೋದಾಮಿನ ತಗಡಿನ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ್ದ ಇಬ್ಬನಿಯನ್ನು ನೋಡದೆ ಕಾಲಿಟ್ಟು ಕೆಳಗೆ ಬಿದ್ದ. ಮುರಿದ ಕಾಲು ಕೂಡಿಕೊಂಡಿತು, ಆದರೆ ಏಣಿ ಕಂಡರೆ ಎದೆ ಧಸಕ್ಕೆನ್ನುವುದು ಹೋಗಲಿಲ್ಲ. ಬೆಟ್ಟದ ಕಾವಲಿನ ಕೆಲಸ ಖಾಲಿ ಇದೆ ಅಂತ ಹೆಂಡತಿ ಎಲ್ಲೋ ಕೇಳಿಕೊಂಡು ಬಂದಳು. ಹೀಗೆ ನೆಲದ ಮೇಲೇ ಕಾಲೂರಿ ಮಾಡುವ ಕೆಲಸಕ್ಕೆ ಸೇರಿದ.

ಊರಿಗೆಲ್ಲ ವಾಪಸ್ ಹೋಗಿ ಅನ್ನುವವನಿಗೆ ಎದುರಾಡಲು ಬಾಯಿ ಬಾರದ ಒಂದು ಜೀವವಿತ್ತು. ಅವನ ಅಕ್ಕ. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹುಡುಗ. ಅಕ್ಕನೇ ತಲೆ ಬಾಚಿ, ಕಿವಿ ಹಿಂಡಿ, ಶಾಲೆಗೆ ದಬ್ಬಿ ದೊಡ್ಡವನನ್ನಾಗಿ ಮಾಡಿದವಳು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಒಲೆಯಂತೆ ಕಾಯುವ ಆ ಕೋಣೆಯಲ್ಲಿ ದೊಡ್ಡ ಉರುಳೆಗಳ ನಡುವೆ ಹಾಸಿಗೆ ಬಟ್ಟೆಗಳನ್ನು ತೂರಿಸಿ, ಆಚೆ ಕಡೆ ಬಿಸಿಬಿಸಿಯಾಗಿ ಬಂದದ್ದನ್ನು ಮಡಿಚುವುದು. ಇಡೀ ಆಯುಷ್ಯ ಅದೇ ಸೆಕೆಯಲ್ಲಿ ಕಳೆಯಿತು. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲೇ.

ನಿವೃತ್ತಿಯ ದಿನ ಜೊತೆಗಾರ್ತಿಯರು ಮುಂದೇನು ಮಾಡ್ತೀಯ ಅಂತ ಕೇಳಿದರಂತೆ. ಬೆಟ್ಟ ಹತ್ತುತ್ತೇನೆ, ಅದೂ ಚಳಿಗಾಲದಲ್ಲಿ, ಬೆಳ್ಳಗಿರುವಾಗ, ಅಂದಳಂತೆ. ಲಾಂಡ್ರಿಯ ಕಿಟಕಿಯಿಂದ ವರ್ಷವರ್ಷವೂ ಅದನ್ನು ನೋಡುತ್ತಲೇ ಇದ್ದಳು. ಬೇಸಿಗೆಯಲ್ಲಿ ಹತ್ತುವವರು ಬೇಕಾದಷ್ಟು ಜನ, ಅದರಲ್ಲಿ ತನಗೇನೂ ಇಲ್ಲ ಅಂತ ಅವಳ ವಾದ.

ತಮ್ಮನ ಮನೆಗೆ ಬಂದು ಇದನ್ನು ಹೇಳಿದಾಗ ಅವನು ಸೋರುವ ನಲ್ಲಿ ಬಿಚ್ಚಿಕೊಂಡು ಕೂತಿದ್ದ. ಗಾಳಿಯ ವಿಷಯ ಹೇಳಿದ, ನೆರಳಿನ ದಾರಿಯ ವಿಷಯ ಹೇಳಿದ, ಅವಳ ಮಂಡಿಯ ವಿಷಯ ಹೇಳಿದ. ಅವಳು ಜಪ್ಪಯ್ಯ ಅನ್ನಲಿಲ್ಲ. ಮಂಡಿ ತನ್ನದು, ಅದರ ಚಿಂತೆ ತನಗಿರಲಿ ಅಂದಳು. ಒಳ್ಳೆ ದಿನ ನೋಡಿ ಹೇಳ್ತೀನಿ ಅಂತ ಅವನು ಜಾರಿಕೊಂಡ. ಮರೆತುಬಿಡುತ್ತಾಳೆ ಅಂದುಕೊಂಡಿದ್ದ. ಅವಳೋ ಮಾರನೇ ದಿನವೇ ಹೋಗಿ ಬೂಟು ಕೊಂಡಳು. ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ತನ್ನ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಕೆಳಗಿನ ಸೈಕಲ್ ರಿಪೇರಿಯವನು, ಪಾಪ, ಮನೆಗೆ ನೀರು ಬರುತ್ತಿಲ್ಲವೇನೋ ಅಂದುಕೊಂಡು ತಾನೂ ಒಂದು ಕ್ಯಾನು ಹೊತ್ತು ಕೊಟ್ಟನಂತೆ.

ಕೊನೆಗೆ ಆಕಾಶ ತಿಳಿಯಾಗಿ ಹಿಮ ಗಟ್ಟಿಯಾಗಿ ಕೂತ ಒಂದು ವಾರ, ತಿರುವಿನಲ್ಲಿ ನಿಲ್ಲಲು ಕಾವಲಿನ ಜೊತೆಗಾರನೊಬ್ಬನನ್ನು ಒಪ್ಪಿಸಿ, ಅಕ್ಕನನ್ನು ಕರೆದುಕೊಂಡು ಹೊರಟ. ಮೊದಲೇ ಸ್ವೆಟರುಗಳನ್ನೆಲ್ಲ ಬಿಚ್ಚಿಸಿ ಚೀಲಕ್ಕೆ ಹಾಕಿಸಿದ. ಹತ್ತುವಾಗ ಬೆವರಿದರೆ ನಿಂತಾಗ ಅದೇ ಬೆವರು ಮೈ ಕೊರೆಯುತ್ತದೆ. ಮುಳ್ಳುಪಟ್ಟಿಯನ್ನು ತಾನೇ ಮಂಡಿಯೂರಿ ಕಟ್ಟಿದ. ಬೆರಳ ಮೇಲೆ ನಡೆಯಬೇಡ, ಇಡೀ ಪಾದ ಊರು ಅಂದ. ಅವಳು ಹಾಗೇ ಊರಿದಳು. ನಿಧಾನ, ಆದರೆ ಒಂದೇ ಹದ. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಓಡಲಿಲ್ಲ. ತಿರುವಿನಲ್ಲಿ ಜೊತೆಗಾರ ಗಂಭೀರವಾಗಿ ಅಡ್ಡ ನಿಂತು, ಮಾಮ, ಇವತ್ತು ಬೇಡ ವಾಪಸ್ ಹೋಗಿ ಅಂತ ನಗಿಸಿದ. ನೆರಳಿನ ದಾರಿಯನ್ನೂ ದಾಟಿದ್ದಾಯಿತು.

ಮರಗಳು ಮುಗಿದು ಬೆಟ್ಟದ ಬೆನ್ನಿಗೆ ಬಂದಾಗ ಗಾಳಿ ಎದ್ದಿತ್ತು. ತುದಿಯಿಂದ ಹಿಮದ ಪುಡಿ ಹೊಗೆಯಂತೆ ಹಾರುತ್ತಿತ್ತು. ಬೆಳಿಗ್ಗೆ ಕೆಳಗಿನಿಂದ ನೋಡಿದಾಗ ಇದಿರಲಿಲ್ಲ. ತುದಿಗೆ ಹೋಗಲು ಒಂದು ಕೊರಕಲನ್ನು ಅಡ್ಡ ದಾಟಬೇಕು. ಗಾಳಿ ಆಚೆ ಬದಿಯ ಹಿಮವನ್ನೆಲ್ಲ ಹೊತ್ತು ತಂದು ಅದರೊಳಗೆ ಸುರಿಯುತ್ತಿತ್ತು. ಅವನು ಅಂಚಿನಲ್ಲಿ ಕೋಲು ಚುಚ್ಚಿ ನೋಡಿದ. ಮೇಲ್ಪದರ ಗಟ್ಟಿ, ಕೆಳಗೆ ಟೊಳ್ಳು; ಭಾರ ಬಿದ್ದರೆ ಇಡೀ ಪದರವೇ ಕುಸಿದು ಜಾರಬಹುದು. ತುದಿಯ ಗುರುತಿಗೆ ನೆಟ್ಟ ಕಂಬ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು.

ಲೆಕ್ಕವಿಲ್ಲದಷ್ಟು ಜನರಿಗೆ ಹೇಳಿದ ಮಾತನ್ನು ಅಕ್ಕನಿಗೆ ಹೇಳುವುದನ್ನು ಅವನು ಮುಂದೂಡಿದ. ಸರಿಯಾಗಿದ್ದ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದ. ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿದ. ಮತ್ತೊಮ್ಮೆ ಕೋಲು ಚುಚ್ಚಿದ. ಅಕ್ಕ ಚಹಾ ಕುಡಿದು ಮುಚ್ಚಳ ವಾಪಸ್ ಕೊಟ್ಟಳು.

"ಅದೇನು ಹೇಳಬೇಕು ಅಂತಿದೀಯೋ ಹೇಳಿಬಿಡು," ಅಂದಳು.

"ವಾಪಸ್ ಹೋಗೋಣ ಅಕ್ಕ."

ಅವಳು ಸ್ವಲ್ಪ ಹೊತ್ತು ಕಂಬದ ಕಡೆ ನೋಡಿದಳು. ಆಮೇಲೆ ಸರಿ ಅಂದಳು. ತಿರುಗಿ ತಾನೇ ಮುಂದಾಗಿ ಇಳಿಯತೊಡಗಿದಳು. ಜಗಳಕ್ಕೆ ಸಿದ್ಧನಾಗಿ ನಿಂತಿದ್ದ ಅವನು ಅವಳ ಹಿಂದೆ ನಡೆದ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನೆರಳಿನ ದಾರಿಯಲ್ಲಿ ಅಕ್ಕನ ಕಾಲು ಜಾರಿತು. ಅವನು ಚೀಲದ ಪಟ್ಟಿ ಹಿಡಿದೆಳೆದದ್ದರಿಂದ ಹೆಚ್ಚು ದೂರ ಹೋಗಲಿಲ್ಲ. ಮಣಿಕಟ್ಟು ಉಳುಕಿತು, ಅಷ್ಟೆ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಅದೇ ದಿನ ಅವರ ಹಿಂದೆ ಬಂದ ಇಬ್ಬರು ಯುವಕರು ಅದೇ ಕೊರಕಲು ದಾಟಿ, ಕಂಬ ಮುಟ್ಟಿ, ಹಾಡಿಕೊಂಡು ಇಳಿದು ಬಂದಿದ್ದರು. ಹಿಮ ಕುಸಿಯಲಿಲ್ಲ, ಏನೂ ಆಗಲಿಲ್ಲ. ಮಾಮ ಇದರ ಬಗ್ಗೆ ಬಾಯಿಬಿಡಲಿಲ್ಲ. ಜೊತೆಗಾರ ಅಕ್ಕನಿಗೆ ಬಜಾರಿನಲ್ಲಿ ಸಿಕ್ಕಿ ಎಲ್ಲ ಹೇಳಿಬಿಟ್ಟ. ಅಲ್ಲಿಂದ ಅವಳ ಮಾತು ನಿಂತಿತು. ಭಾನುವಾರ ಊಟಕ್ಕೆ ಎಂದಿನಂತೆ ಬರುತ್ತಿದ್ದಳು, ತಮ್ಮನ ಹೆಂಡತಿಯ ಹತ್ತಿರ ಮಾತ್ರ ಮಾತಾಡುತ್ತಿದ್ದಳು. ಉಪ್ಪು ಬೇಕಾದರೂ, "ನಿನ್ನ ಗಂಡನ ಹತ್ತಿರ ಇದೆ, ಸ್ವಲ್ಪ ಈ ಕಡೆ ಕೊಡೋಕೆ ಹೇಳು" ಅನ್ನುವಳು. ಅವನು ತೆಪ್ಪಗೆ ಕೊಡುವನು. ಹೆಂಡತಿಗೆ ಇಬ್ಬರ ನಡುವೆ ಉಪ್ಪಿನ ಡಬ್ಬಿಯಾಗಿ ಸಾಕುಸಾಕಾಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಊಟವಾದ ಮೇಲೆ ಅವಳೇ ಬಾಯಿ ತೆರೆದಳು.

"ಆ ಹುಡುಗರು ದಾಟಿದ್ರಂತಲ್ಲ."

"ದಾಟಿದ್ರು."

"ಹಾಗಾದ್ರೆ ನಾವೂ ದಾಟಬಹುದಿತ್ತು."

"ದಾಟಬಹುದಿತ್ತು," ಅಂದ ಅವನು. "ನಂಗೆ ಗೊತ್ತಾಗಲಿಲ್ಲ ಅಕ್ಕ. ಗೊತ್ತಾಗದೇ ಇದ್ದಾಗ ನಾನು ವಾಪಸ್ ಅಂತೀನಿ. ನಂಗೆ ಬರೋದು ಅಷ್ಟೇ."

ಅವಳು ಎದ್ದು ಪಾತ್ರೆ ತೊಳೆಯಲು ನಿಂತಳು. ಒರೆಸುವ ಬಟ್ಟೆ ಎಲ್ಲಿದೆ ಅಂತ ಅವನನ್ನೇ ನೇರವಾಗಿ ಕೇಳಿದಳು.

ಮರುವರ್ಷದ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ತಿರುವಿಗೆ ಹೆಂಗಸರ ಗುಂಪೊಂದು ಹತ್ತಿ ಬಂತು. ಲಾಂಡ್ರಿಯ ಹಳೆಯ ಜೊತೆಗಾರ್ತಿಯರು. ಅವರ ಹಿಂದೆ ಅಕ್ಕ. ಬರುತ್ತೇನೆಂದು ಅವನಿಗೆ ಒಂದು ಮಾತೂ ಹೇಳಿರಲಿಲ್ಲ. ಉಳಿದವರಂತೆ ಸಾಲಿನಲ್ಲೇ ನಿಂತಳು. ಸರದಿ ಬಂದಾಗ ಮುಖದಲ್ಲಿ ನಗೆಯಿಲ್ಲದೆ ಕೇಳಿದಳು:

"ಹೋಗಬಹುದಾ ಸಾರ್?"

ಅವನು ಅವಳ ಪಟ್ಟಿಗಳನ್ನು ಎಳೆದು ನೋಡಿದ. ಚೀಲ ಬಿಚ್ಚಿಸಿ ಒಣ ಬಟ್ಟೆ ಇದೆಯೇ ನೋಡಿದ. ಅವತ್ತು ಬೆಳಿಗ್ಗೆ ತಾನೇ ಕೊರಕಲಿನ ತನಕ ಹೋಗಿ ಬಂದಿದ್ದ. ಹಿಮ ತಳದವರೆಗೂ ಗಟ್ಟಿಯಾಗಿತ್ತು, ಗಾಳಿಯ ಸುಳಿವಿರಲಿಲ್ಲ. ಬೇಡ ಅನ್ನಲು ಕಾರಣ ಹುಡುಕಿದ. ಸಿಗಲಿಲ್ಲ.

"ಹೋಗಬಹುದು," ಅಂದ. "ಮಧ್ಯಾಹ್ನಕ್ಕೆ ಎಲ್ಲಿರ್ತೀರೋ ಅಲ್ಲಿಂದ ತಿರುಗಿಬಿಡಿ."

ಅವರು ಹೋದ ಮೇಲೆ ಅವನಿಗೆ ಊಟ ಸೇರಲಿಲ್ಲ. ಜಾಗ ಬಿಟ್ಟು ಹೋಗುವಂತಿರಲಿಲ್ಲ, ಜನ ಬರುತ್ತಲೇ ಇದ್ದರು. ಅವತ್ತು ವಾಪಸ್ ಅನ್ನಿಸಿಕೊಂಡವರೇ ಜಾಸ್ತಿ. ಸರಿಯಾದ ಬೂಟು ತೊಟ್ಟಿದ್ದವರೊಬ್ಬರು, ನಮ್ಮ ತಪ್ಪೇನು ಹೇಳಿ ಸ್ವಾಮಿ, ಅಂತ ಪಟ್ಟು ಹಿಡಿದ ಮೇಲೆ ಅವನಿಗೇ ನಾಚಿಕೆಯಾಗಿ ಅವರನ್ನು ಹೋಗಲು ಬಿಟ್ಟ.

ಬಿಸಿಲು ಓರೆಯಾಗುವ ಹೊತ್ತಿಗೆ ನೆರಳಿನ ದಾರಿಯಲ್ಲಿ ಮುಳ್ಳುಪಟ್ಟಿಗಳ ಕರಕರ ಕೇಳಿಸಿತು. ಹೆಂಗಸರು ಒಬ್ಬರ ಹಿಂದೊಬ್ಬರು ಇಳಿದು ಬಂದರು. ಅಕ್ಕನ ಮೂಗು ಕೆಂಪಾಗಿತ್ತು. ಕಂಬ ಮುಟ್ಟಿದಿರಾ ಅಂತ ಅವನು ಕೇಳಿದ. ಮುಟ್ಟಿದೆವು ಅಂದಳು.

"ಮೇಲೆ ಹೇಗಿತ್ತು?"

"ಕೂರೋಕೆ ಒಂದು ಒಣ ಜಾಗ ಇಲ್ಲ ಕಣೋ," ಅಂದಳು ಅಕ್ಕ. ಅವನ ಚಹಾ ಇಸಿದುಕೊಂಡು ಕುಡಿದಳು. ಜೊತೆಗಾರ್ತಿಯರು ಬಸ್ಸು ತಪ್ಪುತ್ತದೆ ಅಂತ ಕೂಗಿದಾಗ ಹೊರಟಳು.

ಆಮೇಲೆ ಅವಳು ಬೆಟ್ಟದ ಮಾತೆತ್ತಲಿಲ್ಲ. ಬೂಟನ್ನು ತಮ್ಮನ ಹೆಂಡತಿಗೆ ಕೊಟ್ಟಳು. ಬೇಸಿಗೆ ಶುರುವಾದಾಗ ಹೋಗಿ ಈಜುಕೊಳದಲ್ಲಿ ಹೆಸರು ಬರೆಸಿ ಬಂದಳು, ಈಜು ಕಲಿಯಬೇಕಂತೆ. ಆಳ ಎಷ್ಟಿದೆ ಅಂತ ಮಾಮ ಕೇಳಿದ. ಎದೆಮಟ್ಟ ಅಂದಳು. ಅವನು ಆಗಲಿ ಅಂತ ತಲೆಯಾಡಿಸಿದ.