ಕೋಟೆಗೋಡೆಗೆ ಆತುಕೊಂಡ ಮನೆ

ನನ್ನ ತವರುಮನೆ ಇದ್ದದ್ದು ಮಳಖೇಡದ ಕೋಟೆಯೊಳಗೆ. ಅದು ರಾಷ್ಟ್ರಕೂಟರ ಅರಮನೆ ಇದ್ದ ಊರು. ಮಾಳವದ ದಂಡು ಬಂದು ಸೂರೆ ಮಾಡಿದ ಮೇಲೆ ಆ ವೈಭವ ಉಳಿಯಲಿಲ್ಲ. ಆಮೇಲೆ ಬಂದ ದೊರೆಗಳು ಕೋಟೆಯನ್ನು ತಮಗೆ ಬೇಕಾದಂತೆ ಕಟ್ಟಿಕೊಂಡರು, ಅವರೂ ಹೋದರು. ಕೊನೆಗೆ ನಮ್ಮಂಥ ಒಕ್ಕಲು ಮನೆತನಗಳು ಒಳಗೆ ನೆಲೆಸಿ, ಬಿದ್ದ ಕಲ್ಲುಗಳನ್ನೇ ಆಯ್ದು ಮನೆ ಎಬ್ಬಿಸಿದವು. ನಮ್ಮ ಹಿಂದಿನ ಖೋಲಿಗೆ ಮೂರೇ ಗೋಡೆ ಕಟ್ಟಿದ್ದರು. ನಾಲ್ಕನೆಯದು ಕೋಟೆಯ ಗೋಡೆ. ಸೇಡಂನ ಶಾಲೆಯಲ್ಲಿ ಇತಿಹಾಸ ಕಲಿಸುವ ನಾನು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಅಕ್ಕ ಬಾಣಂತನಕ್ಕೆ ಬಂದ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೋಟೆಯ ಪಕ್ಕದ ಕಾಗಿಣಾ ಹೊಳೆ ದಂಡೆ ಮೀರಿದೆಯೆಂಬ ಸುದ್ದಿ ಕೇಳಿ ನಾನು ಬಸ್ಸು ಹತ್ತಿ ಬಂದೆ. ಅಕ್ಕನ ಹಾಸಿಗೆ ಹಿಂದಿನ ಖೋಲಿಯಲ್ಲಿತ್ತು. ತಲೆಯ ಹತ್ತಿರ ಕೋಟೆಗೋಡೆ ಉಬ್ಬಿತ್ತು. ಕಲ್ಲುಗಳ ಸಂದಿನಿಂದ ಕೆಸರುನೀರು ಜಿನುಗುತ್ತಿತ್ತು. ಅಂಗೈ ಇಟ್ಟರೆ ಹಸಿ ಮಣ್ಣು ಕಿತ್ತು ಬಂತು.

"ಅವ್ವಾ, ಇವತ್ತೇ ಇಲ್ಲಿಂದ ಹೋಗೂಣು," ಎಂದೆ.

ಅವ್ವ ಕೇಳಲಿಲ್ಲ. "ದಿನ ತುಂಬಿದ ಹುಡುಗೀನ ಮಳ್ಯಾಗ ಎಲ್ಲಿ ಕರಕೊಂಡು ಹೋಗ್ತಿ? ರಾಜರ ಗ್ವಾಡಿ ಇದು, ಬೀಳಾಂಗಿಲ್ಲ."

"ರಾಜರ ಅರಮನಿನೇ ಉಳದಿಲ್ಲ, ಅವ್ವಾ. ಬಿದ್ದಿದ್ದಕ್ಕೇ ಅಲ್ಲೇನು ನಮಗ ಕಲ್ಲು ಸಿಕ್ಕಿದ್ದು?"

"ನಿನ್ನ ಪಾಠ ಸಾಲ್ಯಾಗ ಹೇಳು," ಎಂದು ಅವ್ವ ಒಲೆಯ ಕಡೆ ತಿರುಗಿದಳು.

ಹಾಸಿಗೆಯಲ್ಲಿದ್ದ ಅಕ್ಕ ಮೆಲ್ಲಗೆ ಎದ್ದು ಕೂತಳು. "ಅವ್ವಾ, ನನಗ ಭಾಳ ಅಂಜಿಕಿ ಆಗ್ಲಿಕತ್ತದ. ಕಣ್ಣು ಮುಚ್ಚಿದ್ರ ಸಾಕು, ಗ್ವಾಡ್ಯಾಗ ಮಣ್ಣು ಉದುರೋ ಸಪ್ಪಳ ಕೇಳ್ತದ."

ಅವ್ವ ಅವಳ ಮುಖ ನೋಡಿದಳು. ಎದ್ದು ಬಟ್ಟೆ ಗಂಟು ಕಟ್ಟಿದಳು. ಅಕ್ಕನ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿ, ಎರಡೂ ಕಡೆ ಹಿಡಿದುಕೊಂಡು, ಜಾರುವ ಫರ್ಸಿ ಕಲ್ಲುಗಳ ಮೇಲೆ ಮೆಲ್ಲಗೆ ನಡೆಸಿ, ಕೋಟೆಯ ಹೊರಗೆ ರಸ್ತೆಯ ಬದಿಯಲ್ಲಿದ್ದ ಸೋದರತ್ತೆಯ ಮನೆ ಸೇರಿಕೊಂಡೆವು.

ಮರುದಿನ ಮಳೆ ನಿಂತು ಬಿಸಿಲು ಬಿತ್ತು. ಗೋಡೆ ನಿಂತೇ ಇತ್ತು. "ಸುಮ್ಮಸುಮ್ಮನ ಅಂಜಿಸಿದಿ," ಎಂದು ಅವ್ವ ನನ್ನನ್ನು ಬೈದು, ಎಮ್ಮೆ ಹಿಂಡಲು ಕೋಟೆಯೊಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ನೆಲ ನಡುಗಿದಂತಾಗಿ, ಭಾರವಾದ ಸದ್ದು ಕೇಳಿಸಿತು. ಅಕ್ಕ ಚೀರಿದಳು. ನಾನು ಚಪ್ಪಲಿ ಬಿಟ್ಟು ಓಡಿದೆ. ಓಣಿಯ ತುಂಬ ಧೂಳು. "ಅವ್ವಾ!" ಎಂದು ಕೂಗುತ್ತಲೇ ಇದ್ದೆ.

ಅವ್ವ ಅಂಗಳದಲ್ಲಿ ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಹಾಲಿನ ಚೆರಿಗೆ ಉರುಳಿತ್ತು. ಹಿಂದಿನ ಖೋಲಿ ಇದ್ದಲ್ಲಿ ಕಲ್ಲಿನ ಗುಡ್ಡೆ. ನಾನು ಹೋಗಿ ಅವಳ ಕೈ ಹಿಡಿದೆ.

"ಹಾಸಿಗಿ ಅಲ್ಲೇ ಇತ್ತಲ್ಲವಾ," ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

ಅಕ್ಕನಿಗೆ ಸೇಡಂನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಅವ್ವ ಕೋಟೆಯೊಳಗಿನ ಮನೆಗೆ ಮರಳಲಿಲ್ಲ. ಅತ್ತೆಯ ಮನೆಯ ಪಕ್ಕದಲ್ಲೇ ಎರಡು ಖೋಲಿ ಹಾಕಿಸಿಕೊಂಡು, ಮೊಮ್ಮಗಳನ್ನು ಆಡಿಸುತ್ತ ಇದ್ದಾಳೆ. ನನಗೆ ಮಾತ್ರ ಸಮಾಧಾನವಿಲ್ಲ. ಅದೇ ಗೋಡೆಗೆ ಆತುಕೊಂಡು ಇನ್ನೂ ಎಷ್ಟೋ ಮನೆಗಳಿವೆ. ಸೇಡಂನಲ್ಲಿ ಮೋಡ ಕಪ್ಪಾದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ಕಿಟಕಿಯ ಕಡೆ ಹೋಗುತ್ತದೆ.