ಹಿಂದಕ್ಕೆ ಹೋಗುವ ಟಿ.ವಿ.

ಹೋದ ಭಾನುವಾರ ಕೊಡೆ ಹುಡುಕಲೆಂದು ಏಣಿ ಹಾಕಿ ಅಟ್ಟಕ್ಕೆ ಕೈ ಚಾಚಿದೆ. ಕೊಡೆ ಸಿಗಲಿಲ್ಲ. ನಮ್ಮ ಮನೆಯಲ್ಲಿ ಬೇಕಾದ ವಸ್ತು ಬೇಕಾದ ಹೊತ್ತಿಗೆ ಸಿಕ್ಕ ಉದಾಹರಣೆಯೇ ಇಲ್ಲ. ಸಿಕ್ಕಿದ್ದು ಒಂದು ಹಳೆಯ ಚಪ್ಪಲಿ ಡಬ್ಬಿ, ಅದರೊಳಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಅಂಗೈ ಅಗಲದ ಹಸಿರು ಕಾರ್ಡು. ಚೀಲದ ಬಾಯಿ ಬಿಚ್ಚಿದ ಕೂಡಲೇ ಧೂಳು ಮತ್ತು ಕಾದ ಬೆಸುಗೆ ಬೆರೆತ ಒಂದು ವಾಸನೆ ಮೂಗಿಗೆ ಬಡಿಯಿತು. ಏಣಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಕೆಳಗಿನಿಂದ ನನ್ನ ಹೆಂಡತಿ ಸುಮಂಗಲಾ, "ಏನ್ ಸಿಕ್ತ್ರಿ?" ಎಂದಳು. "ಏನಿಲ್ಲ" ಎಂದೆ.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳಬಹುದು. ಅದು ಟಿ.ವಿ. ಟ್ಯೂನರ್ ಕಾರ್ಡು. ಈಗಿನ ಮಕ್ಕಳು ಕೇಳಿದರೆ ನಕ್ಕಾರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಒಳಗೆ ಇಂಥದೊಂದು ಕಾರ್ಡು ಸಿಕ್ಕಿಸಿ, ಅದಕ್ಕೆ ಕೇಬಲ್‌ನವನ ಕರಿ ವೈರು ಜೋಡಿಸಿ ಟಿ.ವಿ. ನೋಡುತ್ತಿದ್ದೆವು, ಬೇಕಾದದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದೆವು ಎಂದರೆ ಯಾರು ನಂಬುತ್ತಾರೆ? ತೆಲಂಗಾಣ ಇನ್ನೂ ಬೇರೆ ರಾಜ್ಯವಾಗಿರದ ಕಾಲ. ನಾನು ಸಿಕಂದರಾಬಾದಿನ ಪಕ್ಕದ ಬೇಗಂಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಬಾಗಲಕೋಟೆ ಕಡೆಯಿಂದ ಬಂದವನಿಗೆ ಹೊಂದುವ ಬಾಡಿಗೆಯ ಮನೆ ಸಿಕ್ಕಿದ್ದು ಮಾತ್ರ ಜೀಡಿಮೆಟ್ಲಾದ ಕಾರ್ಖಾನೆಗಳ ಮಗ್ಗುಲಲ್ಲಿ. ಗಾಳಿ ಬೀಸಿದ ದಿಕ್ಕಿಗೆ ತಕ್ಕಂತೆ ಒಂದು ದಿನ ಕೊಳೆತ ಮೊಟ್ಟೆಯ ವಾಸನೆ, ಇನ್ನೊಂದು ದಿನ ಮಾವಿನಹಣ್ಣಿನಂಥ ಸಿಹಿ ವಾಸನೆ. ಮೊದಮೊದಲು ಸಿಹಿ ವಾಸನೆ ಬಂದಾಗ ನಾವು ಖುಷಿಯಿಂದ ಕಿಟಕಿ ತೆರೆಯುತ್ತಿದ್ದೆವು.

"ಅದು ಚಲೋ ವಾಸನಿ ಅಲ್ರಿ ಅಣ್ಣಾರ" ಎಂದು ತಿದ್ದಿದವನು ಕೆಳಗಿನ ಕೋಣೆಯ ಶರಣಪ್ಪ. "ಕೆಟ್ಟ ವಾಸನಿ ಮೂಗಿಗೆ ತ್ರಾಸ ಕೊಡ್ತೈತಿ, ಅಷ್ಟ. ಸಿಹಿ ವಾಸನಿ ಬಂತಂದ್ರ ಕಿಡಕಿ ಹಾಕ್ರಿ."

ಅವನು ಕುಷ್ಟಗಿ ಕಡೆಯವನು. ಔಷಧಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಗಾರ. ಹೆಂಡತಿ ನೀಲವ್ವ. ಇಬ್ಬರೂ ನಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ, ನಮ್ಮಲ್ಲಿಗೆ ಬರುತ್ತಿದ್ದರು. ಹೊರಗೆಲ್ಲ ತೆಲುಗು, ಹಿಂದಿ ಮಾತಾಡಿ ಸುಸ್ತಾದ ನಾಲಿಗೆಗಳು ನಮ್ಮ ಹಜಾರದಲ್ಲಿ ಕೂತು ಸ್ವಲ್ಪ ಹಗುರಾಗುತ್ತಿದ್ದವು.

ನನ್ನದೊಂದು ದುರಭ್ಯಾಸ ನಿಮಗೆ ಹೇಳಬೇಕು. ನನಗೆ ವಸ್ತುವಿಗಿಂತ ಅದನ್ನು ಆರಿಸುವುದರಲ್ಲೇ ಹೆಚ್ಚು ಸುಖ. ಈ ಕಾರ್ಡು ಕೊಳ್ಳಲು ನಾನು ತೆಗೆದುಕೊಂಡದ್ದು ನಾಲ್ಕು ತಿಂಗಳು. ಒಳಗೆ ಕೂರಿಸುವ ಕಾರ್ಡೋ, ಹೊರಗಿನಿಂದ ಸಿಕ್ಕಿಸುವ ಕಡ್ಡಿಯೋ, ಕಂಪ್ಯೂಟರನ್ನು ಹಚ್ಚದೆಯೂ ಪರದೆಯ ಮೇಲೆ ಟಿ.ವಿ. ತೋರಿಸುವ ಬೇರೆ ಡಬ್ಬಿಯೋ? ಡಬ್ಬಿಯಲ್ಲಿ ರೆಕಾರ್ಡಿಂಗ್ ಇಲ್ಲ. ಕಡ್ಡಿ ಬೇಗ ಬಿಸಿಯಾಗುತ್ತದೆ. ಕಾರ್ಡು ಒಳ್ಳೆಯದು, ಆದರೆ ಹಾರ್ಡ್ ಡಿಸ್ಕ್ ದೊಡ್ಡದಿರಬೇಕು, ಒಂದು ಸಿನಿಮಾ ರೆಕಾರ್ಡ್ ಮಾಡಿದರೆ ನನ್ನದು ಉಸಿರುಗಟ್ಟುತ್ತಿತ್ತು. ಇದನ್ನೆಲ್ಲ ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಬರೆದುಕೊಂಡು ಪ್ರತಿ ಶನಿವಾರ ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗಳಿಗೆ ಪಾರಾಯಣಕ್ಕೆ ಹೋದಂತೆ ಹೋಗುತ್ತಿದ್ದೆ. ಅಂಗಡಿಯ ಸಾಹೇಬರು ನನ್ನನ್ನು ದೂರದಿಂದಲೇ ನೋಡಿ, "ಆಜ್ ತೋ ಲೇತೇ ಕ್ಯಾ, ನೈ ತೋ ಖಾಲೀ ಪೂಛತೇ?" ಎನ್ನುವ, ಇವತ್ತಾದರೂ ಕೊಳ್ಳುತ್ತೀರೋ ಬರೀ ಕೇಳಿ ಹೋಗುತ್ತೀರೋ ಎಂದು ಹಂಗಿಸುವ ಹಂತಕ್ಕೆ ಬಂದಿದ್ದರು. ಸುಮಂಗಲಾ ಇನ್ನೂ ನೇರವಾಗಿ ಹೇಳಿದಳು: "ಹೆಣ್ಣು ನೋಡಾಕ ಬಂದಾಗ ಅರ್ಧ ತಾಸಿನ್ಯಾಗ ಹೂಂ ಅಂದಿದ್ರಿ. ಈ ತಗಡಿಗೆ ನಾಕ ತಿಂಗಳ!"

ಕಾರ್ಡು ಬಂದ ಮೇಲೆ ಸಾಫ್ಟ್‌ವೇರಿನ ಸರದಿ. ಕಾರ್ಡಿನ ಜೊತೆ ಸಿ.ಡಿ.ಯಲ್ಲಿ ಬಂದದ್ದು ಒಂದು, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು ಇನ್ನೊಂದು, ತಿಂಗಳ ಮಟ್ಟಿಗೆ ಪರೀಕ್ಷಿಸಲು ಕೊಟ್ಟದ್ದು ಮತ್ತೊಂದು. ಮೂರರಲ್ಲೂ ಒಂದು ಸೌಕರ್ಯವಿತ್ತು: ನೋಡುತ್ತಿರುವ ಚಾನೆಲ್ಲಿನ ಕಳೆದ ಒಂದು ಗಂಟೆಯ ಚಿತ್ರವನ್ನು ಕಂಪ್ಯೂಟರ್ ತಾನಾಗಿಯೇ ಹಿಡಿದಿಟ್ಟುಕೊಂಡಿರುತ್ತದೆ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ಆದರೆ ಚಾನೆಲ್ ಬದಲಿಸಿದರೆ ಹಿಡಿದಿಟ್ಟದ್ದೆಲ್ಲ ಅಳಿಸಿಹೋಗಿ ಹೊಸದಾಗಿ ಶುರು. ಹಾಗಾಗಿ ಚಾನೆಲ್ ಬದಲಿಸಿದಾಗಲೆಲ್ಲ ಪರದೆಯ ನಡುವೆ ಒಂದು ಚೌಕ ಮೂಡಿ, ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕೇಳುತ್ತಿತ್ತು. ನನಗೆ ಈ ಪ್ರಶ್ನೆ ತಲೆನೋವಾಯಿತು. ಮೂರನೆಯ ಸಾಫ್ಟ್‌ವೇರಿನಲ್ಲಿ ಮಾತ್ರ, ಇನ್ನು ಮುಂದೆ ಕೇಳಬೇಡ ಎಂದು ಗುರುತು ಹಾಕುವ ಅವಕಾಶವಿತ್ತು. ಹಾಕಿದೆ. ನಾಲ್ಕು ತಿಂಗಳು ಅಳೆದು ತೂಗಿದ ಮನುಷ್ಯ ಕೊನೆಗೆ ಸಾಫ್ಟ್‌ವೇರ್ ಆರಿಸಿದ್ದು ಅದು ಬಾಯಿ ಮುಚ್ಚಿಕೊಂಡಿರುತ್ತದೆ ಎಂಬ ಒಂದೇ ಕಾರಣಕ್ಕೆ.

ಬಂದವರಿಗೆಲ್ಲ ಈ ಮಾಯೆ ತೋರಿಸುವುದೇ ನನ್ನ ಕಸುಬಾಯಿತು. ಶರಣಪ್ಪನಿಗೂ ತೋರಿಸಿದೆ. ಕ್ರಿಕೆಟ್ ಬರುತ್ತಿತ್ತು. ಓಡಿ ಬರುತ್ತಿದ್ದ ಬೌಲರನನ್ನು ಒಂದು ಕಾಲು ಗಾಳಿಯಲ್ಲಿರುವಾಗಲೇ ನಿಲ್ಲಿಸಿ, ಅದರ ಮಹಿಮೆ ವಿವರಿಸತೊಡಗಿದೆ. ಶರಣಪ್ಪ ಸ್ವಲ್ಪ ಹೊತ್ತು ಕೇಳಿ, "ಪಾಪ, ಬಿಡ್ರಿ ಅಣ್ಣಾರ ಅವನ್ನ. ಎಷ್ಟೊತ್ತು ಕಾಲೆತ್ತಿಕೊಂಡು ನಿಂದರ್ತಾನ?" ಎಂದ. ಅವನ ಸ್ವಭಾವವೇ ಹಾಗೆ. ಎಲ್ಲರಿಗೂ ಕಾಲು ನೋಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಇನ್ನು ಆ ದಿನದ ಮಾತು. ಎರಡನೇ ಶನಿವಾರ, ನನಗೆ ರಜೆ. ಬೆಳಗಿನ ಹನ್ನೊಂದರ ಸುಮಾರಿಗೆ ಒಂದು ಸದ್ದಾಯಿತು. ಅಡುಗೆಮನೆಯ ಪಾತ್ರೆಗಳು ಗೂಡಿನಿಂದ ಕೆಳಗೆ ಬಿದ್ದವು. ಹೊರಗೆ ಬಂದು ನೋಡಿದರೆ ಕಾರ್ಖಾನೆಗಳ ಕಡೆ ಹಳದಿ ಹೊಗೆ ಎದ್ದಿತ್ತು. ಶರಣಪ್ಪನದು ಅಂದು ಮೊದಲ ಪಾಳಿ. ನೀಲವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಕಾರ್ಖಾನೆಯ ಕಡೆಗೆ ಓಡಿದ್ದಳು. ಪೊಲೀಸರು ರಸ್ತೆಯಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಅಲ್ಲಿಂದ ನೇರ ನಮ್ಮ ಮಹಡಿ ಹತ್ತಿ ಬಂದು, "ಅಣ್ಣಾರ, ಟಿ.ವಿ. ಹಚ್ರಿ" ಎಂದಳು.

ಹಚ್ಚಿದೆ. ಒಂದು ತೆಲುಗು ಸುದ್ದಿವಾಹಿನಿ ಕಾರ್ಖಾನೆಯ ಮುಂದಿನಿಂದಲೇ ನೇರವಾಗಿ ತೋರಿಸುತ್ತಿತ್ತು. ಹೊಗೆ, ನೀರು ಹಾರಿಸುವ ವಾಹನ, ಓಡಾಡುವ ಜನ. ಸುಮಂಗಲಾ ನೀಲವ್ವನ ಭುಜ ಹಿಡಿದು ಕೂತಿದ್ದಳು. ಹತ್ತು ನಿಮಿಷವಾಗಿರಬಹುದು, ಸ್ಟ್ರೆಚರುಗಳು ಹೊರಗೆ ಬರತೊಡಗಿದವು. ಆಗ ನಾನೇನು ಮಾಡುತ್ತಿದ್ದೆ? ಹೇಳಲು ನಾಚಿಕೆಯಾಗುತ್ತದೆ. ಓಡುವ ಜನರ ಅಂಚಿನಲ್ಲಿ ಚಿತ್ರ ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿತ್ತು. ಅದನ್ನು ಸರಿಪಡಿಸಲು ಪರದೆಯ ಮೂಲೆಯ ಪಟ್ಟಿಯಲ್ಲಿ ಒಂದೊಂದೇ ಆಯ್ಕೆ ತೆರೆದು ನೋಡುತ್ತಿದ್ದೆ.

"ಅವರ! ಅವರ ಅಂಗಿ ಅದು! ಅಕ್ಕಾರ, ಕೈ ಎತ್ತಿದ್ರು, ನೋಡ್ರಿ, ಕೈ ಎತ್ತಿದ್ರು!" ನೀಲವ್ವ ಚೀರಿದಳು.

ನಾನು ತಲೆ ಎತ್ತುವಷ್ಟರಲ್ಲಿ ಸ್ಟ್ರೆಚರು ಹೋಗಿಬಿಟ್ಟಿತ್ತು. ಸುಮಂಗಲಾ ನೀಲವ್ವನ ಮುಖವನ್ನೇ ನೋಡುತ್ತಿದ್ದವಳು, ಅವಳೂ ಅದನ್ನು ನೋಡಿರಲಿಲ್ಲ.

"ಹಿಂದಕ ಹೋಗ್ರಿ ಅಣ್ಣಾರ. ಹೋಗ್ತೈತಲ್ರಿ ಇದು. ಮತ್ತ ತೋರಿಸ್ರಿ."

"ತಡಿ ನೀಲವ್ವ. ಎಲ್ಲಾ ಇದರಾಗ ಐತಿ, ಎಲ್ಲೂ ಹೋಗೂದಿಲ್ಲ" ಎಂದೆ. ನಿಜಕ್ಕೂ ಇತ್ತು. ಒಂದು ಗುಂಡಿ ಒತ್ತಿದ್ದರೆ ಬರುತ್ತಿತ್ತು. ಆದರೆ ಎಲ್ಲವನ್ನೂ ಹೋಲಿಸಿ ನೋಡುವ ನನ್ನ ಹಾಳು ಬುದ್ಧಿ, ಬೇರೆ ವಾಹಿನಿಯಲ್ಲಿ ಇದೇ ದೃಶ್ಯ ಇನ್ನೂ ಹತ್ತಿರದಿಂದ ಬರುತ್ತಿರಬಹುದು, ಅದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಇದಕ್ಕೆ ಬಂದರಾಯಿತು ಎಂದಿತು. ಚಾನೆಲ್ ಬದಲಿಸಿದೆ. ಯಾವ ಚೌಕವೂ ಮೂಡಲಿಲ್ಲ, ಯಾವ ಪ್ರಶ್ನೆಯೂ ಬರಲಿಲ್ಲ. ಅಲ್ಲಿ ಜಾಹೀರಾತು ನಡೆಯುತ್ತಿತ್ತು. ತಟ್ಟನೆ ಮರಳಿ ಬಂದು ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ, ಹೋಗಲು ಹಿಂದೆ ಏನೂ ಉಳಿದಿರಲಿಲ್ಲ.

ಆ ದೃಶ್ಯವನ್ನು ಆ ವಾಹಿನಿ ಮತ್ತೆ ತೋರಿಸಲಿಲ್ಲ. ಎರಡು ದಿನ ಕಚೇರಿಗೆ ರಜೆ ಹಾಕಿ ಎಲ್ಲ ವಾಹಿನಿಗಳನ್ನೂ ರೆಕಾರ್ಡ್ ಮಾಡಿ ನೋಡಿದೆ. ಹೊಗೆ ಇತ್ತು, ಮಂತ್ರಿಗಳು ಇದ್ದರು, ಬೇರೆಯವರ ಸ್ಟ್ರೆಚರುಗಳೂ ಇದ್ದವು.

ಶರಣಪ್ಪನ ಶವ ಅಂದು ಸಂಜೆಯೇ ಸರಕಾರಿ ಆಸ್ಪತ್ರೆಯಲ್ಲಿ ಸಿಕ್ಕಿತು. ಮೂರನೇ ದಿನ ಗುತ್ತಿಗೆದಾರನ ಮೇಲ್ವಿಚಾರಕ ಬಂದು, "ಸ್ಪಾಟ್‌ಲೋನೇ ಪೋಯಾಡಮ್ಮಾ" ಎಂದ. ಜಾಗದಲ್ಲೇ ಹೋದನಂತೆ, ನರಳಲಿಲ್ಲವಂತೆ. ನೀಲವ್ವ ತಲೆಯಾಡಿಸಿ, ಇಲ್ಲ, ಹೊರಗೆ ತಂದಾಗ ಜೀವ ಇತ್ತು, ಕೈ ಎತ್ತಿದ್ದರು ಎಂದಳು. ಊರಿನಿಂದ ಬಂದ ನೆಂಟರೆಲ್ಲ ಅವಳನ್ನು ಮರುಕದಿಂದ ನೋಡಿದರು. ಆಗ ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾರ, ನೀವರ ಹೇಳ್ರಿ. ನೀವೂ ನೋಡಿದ್ರಿಲ್ಲೋ?"

"ಹೌದು. ನಾನೂ ನೋಡೀನಿ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಬಹುದು. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಹೆದರಿಕೆ. ಚಿತ್ರ ಅಳಿಸಿದವನು ನಾನು, ಅದರ ಮೇಲೆ ನೋಡಿಯೂ ಇಲ್ಲ ಎಂದರೆ ಅವಳ ಮುಂದೆ ಮುಖವೆತ್ತಿ ನಿಲ್ಲುವುದು ಹೇಗೆ? ಅಂದು ಮನೆಗೆ ಬಂದ ಮೇಲೆ ಸುಮಂಗಲಾ, "ಖರೇನ ನೋಡಿದ್ರೇನು?" ಎಂದು ಕೇಳಿದಳು. "ಸುಮ್ಮನಿರು" ಎಂದು ಗದರಿಸಿದೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ನನ್ನ ಮಾತಿನಿಂದ ನೀಲವ್ವನಿಗೆ ಸಮಾಧಾನವಾಗಲಿಲ್ಲ. ಜೀವವಿತ್ತು ಎಂದಾದ ಮೇಲೆ ಪ್ರಶ್ನೆಗಳು ಹುಟ್ಟಿದವು. ಎಲ್ಲಿ ಇಳಿಸಿದರು? ಎಷ್ಟು ಹೊತ್ತು ಬಿಟ್ಟರು? ನೀರು ಕೇಳಿದನೇ, ಯಾರಾದರೂ ಕೊಟ್ಟರೇ? ಪರಿಹಾರವೇನೋ ಬಂತು, ಅವಳಿಗೆ ಬೇಕಾಗಿದ್ದು ಅದಲ್ಲ. ಊರಿಗೆ ಹೋಗದೆ ಅಲ್ಲೇ ಒಂದು ರೊಟ್ಟಿ ಖಾನಾವಳಿ ಹಾಕಿಕೊಂಡು, ಊಟಕ್ಕೆ ಬಂದ ಕಾರ್ಖಾನೆಯವರನ್ನು, ಆಸ್ಪತ್ರೆಯ ಆಯಾಗಳನ್ನು, ಆಂಬುಲೆನ್ಸಿನವರನ್ನು ಕೇಳುತ್ತ ಹೋದಳು. ನಿನಗೆ ಭ್ರಮೆ ಎಂದು ಯಾರಾದರೂ ಅಂದರೆ, "ಮ್ಯಾಲಿನ ಮನಿ ಅಣ್ಣಾರ ಸುದ್ದಾ ನೋಡ್ಯಾರ" ಎನ್ನುತ್ತಿದ್ದಳು. ನಾವು ಊರಿನ ಇನ್ನೊಂದು ತುದಿಯ ಕುಷಾಯಿಗೂಡಕ್ಕೆ ಮನೆ ಬದಲಿಸಿದೆವು. ಹೆಂಡತಿಗೆ ಅಲ್ಲಿಯ ವಾಸನೆ ಒಗ್ಗದು ಎಂದು ಎಲ್ಲರಿಗೂ ಹೇಳಿದೆ. ಒಗ್ಗದೆ ಇದ್ದದ್ದು ನನಗೆ, ಅದೂ ವಾಸನೆಯಲ್ಲ, ನೀಲವ್ವನ ಆ ಮಾತು.

ಕಾರ್ಡು ಸಿಕ್ಕ ಎರಡನೇ ದಿನಕ್ಕೆ, ಮೊನ್ನೆ ಮಂಗಳವಾರ, ಅವಳ ಫೋನು ಬಂತು. ವರ್ಷಕ್ಕೊಮ್ಮೆ ಯುಗಾದಿಗೆ ಮಾಡುವವಳು ಈಗ ಯಾಕೆ ಎಂದು ಎತ್ತಿದೆ. "ಅಣ್ಣಾರ, ಆವತ್ತಿನ ಆಂಬುಲೆನ್ಸ್ ಡ್ರೈವರ್ ಒಬ್ಬಾಂವ ಸಿಕ್ಕಾನ್ರಿ. ಮೆದಕ್‌ನ್ಯಾಗ ಇರ್ತಾನಂತ, ಭಾಳ ವಯಸ್ಸಾಗೇತಂತ. ಗುರುವಾರ ಹೋಗಾಕತ್ತೀನಿ. ನೀವೂ ಬರ್ರಿ. ನಾ ಹೆಣ್ಮಗಳು ಹೇಳಿದ್ರ ಯಾರು ಕೇಳ್ತಾರ, ನೀವು ನೋಡಿದವರು, ನೀವ ಹೇಳ್ರಿ ಅವಂಗ."

ನೋಡುತ್ತೇನೆ ಎಂದು ಫೋನಿಟ್ಟೆ. ಬುಧವಾರ ಎರಡು ಬಸ್ಸು ಬದಲಿಸಿ ಅವಳ ಖಾನಾವಳಿಗೆ ಹೋದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಅವಳು ಒಬ್ಬಳೇ ಇದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನೋಯುವ ಮಂಡಿ ಹಿಡಿದುಕೊಂಡು ಎದ್ದು ನೀರು ಕೊಟ್ಟಳು. ಕುಡಿಯುವ ಮೊದಲೇ ಹೇಳಿಬಿಟ್ಟೆ.

"ನೀಲವ್ವ, ಆವತ್ತು ಚಾನೆಲ್ ಬದ್ಲಿ ಮಾಡಿ ಎಲ್ಲಾ ಅಳಸಿದಾಂವ ನಾನು."

"ಅದು ಗೊತ್ತೈತಲ್ರಿ. ಬಾಜೂಕ ಕುಂತಿದ್ದೆನಲ್ಲ. ಗಾಬರಿಯೊಳಗ ಆಗ್ತೈತಿ, ಬಿಡ್ರಿ."

ಇಷ್ಟು ವರ್ಷ ನಾನು ಮುಚ್ಚಿಟ್ಟುಕೊಂಡ ತಪ್ಪನ್ನು ಅವಳು ಎಂದೋ ಮನ್ನಿಸಿಬಿಟ್ಟಿದ್ದಳು. ಅದು ನನಗೆ ಧೈರ್ಯ ಕೊಟ್ಟಿತು. ಕೊಡಬಾರದಿತ್ತು.

"ಇನ್ನೊಂದೈತಿ. ಅವ ಕೈ ಎತ್ತಿದ್ದು ನಾ ನೋಡಿಲ್ಲ. ನಾ ತಲಿ ಎತ್ತೂದ್ರಾಗ ಹೋಗಿತ್ತು. ಸುಳ್ಳು ಹೇಳಿದೆ."

ನೀಲವ್ವ ಅಳಲಿಲ್ಲ, ಸಿಟ್ಟಾಗಲಿಲ್ಲ. ಸೆರಗಿನಿಂದ ಎದುರಿನ ಮೇಜನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಹಂಗಾರ ನೋಡಿದಾಕಿ ನಾ ಒಬ್ಬಾಕೀನ ಆದೆ" ಎಂದಳು. "ನನಗೂ ಎಷ್ಟೋ ಸಲ ಸಂಶೇ ಬಂದೈತ್ರಿ ಅಣ್ಣಾರ. ಕೈ ಎತ್ತಿದ್ರೋ, ಸ್ಟ್ರೆಚರ್ ಅಳ್ಳಾಡಿ ಕೈ ಜಾರಿತ್ತೋ ಅಂತ. ಆವಾಗೆಲ್ಲ ನಿಮ್ಮನ್ನ ನೆನಸ್ತಿದ್ದೆ. ಅಣ್ಣಾರೂ ನೋಡ್ಯಾರ, ಖರೇನ ಇರಬೇಕು ಅಂತ."

"ನಾಳೆ ನಾನೂ ಬರ್ತೀನಿ ನೀಲವ್ವ" ಎಂದೆ.

"ಬ್ಯಾಡ್ರಿ. ಬಂದು ಏನ ಹೇಳ್ತೀರಿ?"

ಇಂದು ಗುರುವಾರ. ಅವಳ ಬಸ್ಸು ಎಂಟಕ್ಕೆ. ಈಗ ಹತ್ತು ದಾಟಿದೆ, ಇಷ್ಟರಲ್ಲಿ ನರಸಾಪುರ ಬಿಟ್ಟು ಮುಂದೆ ಹೋಗಿರಬೇಕು. ಭಾರ ಇಳಿಸಿಕೊಂಡು ಬರುತ್ತೇನೆಂದು ಹೊರಟವನು ನಾನು, ಇಳಿಸಿದ್ದು ಅವಳ ತಲೆಯ ಮೇಲೆ. ಆ ಮುದುಕ ಹೌದು ಎಂದರೂ ಇಲ್ಲ ಎಂದರೂ, ಮಂಡಿ ನೋವಿನ ಆ ಹೆಂಗಸು ಆ ಮಾತನ್ನು ಕೇಳಿಸಿಕೊಂಡು ಒಬ್ಬಳೇ ಬಸ್ಸು ಹತ್ತಿ ಹಿಂದಿರುಗಬೇಕು.